ಕಮಾನಿನೊಳಗಿನ ಅಕ್ಷರ

ಬೋರ್ಡು ಬರೆಯುವವನಿಗೆ ಮೊದಲು ಬೇಕಾದದ್ದು ಏಣಿ. ಬ್ರಶ್ಶು, ಬಣ್ಣ ಎಲ್ಲ ಆಮೇಲೆ. ಮುಂಬಯಿಯ ದಾದಾಭಾಯಿ ನವರೋಜಿ ರಸ್ತೆಯಲ್ಲಿ ನಾನು ಮೊದಲ ಸಲ ಏಣಿ ಇಟ್ಟು ನಲವತ್ತು ವರ್ಷದ ಮೇಲಾಯಿತು. ನನ್ನ ಊರು ಅಂಕೋಲೆಯ ಕಡೆ. 1979ರಲ್ಲಿ, ಹದಿನಾಲ್ಕು ತುಂಬುವ ಮೊದಲೇ ಸೋದರಮಾವನ ಜೊತೆ ಬಸ್ಸು ಹತ್ತಿ ಬಂದು, ಫೋರ್ಟಿನ ಒಂದು ಉಡುಪಿ ಹೋಟೆಲಿನಲ್ಲಿ ಟೇಬಲ್ ಒರೆಸುವ ಕೆಲಸಕ್ಕೆ ನಿಂತೆ. ಸಂಜೆ ಕನ್ನಡ ರಾತ್ರಿ ಶಾಲೆ, ಹಗಲೆಲ್ಲ ಹೋಟೆಲು. ಬಾಗಿಲ ಪಕ್ಕದ ಕರಿಹಲಗೆಯ ಮೇಲೆ ಅವತ್ತಿನ ತಿಂಡಿಗಳ ಹೆಸರು ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಅಕ್ಷರ ದುಂಡಗಿದೆ ಅಂತ ಗಲ್ಲಾದಲ್ಲಿ ಕೂರುವ ಶೆಟ್ರು ಕೊಟ್ಟ ಕೆಲಸ ಅದು.

ಮೂರು ವರ್ಷದ ಮೇಲೆ ಹೋಟೆಲಿನ ಬೋರ್ಡಿಗೆ ಬಣ್ಣ ಹೊಡೆಯಲು ರತ್ನಾಗಿರಿ ಕಡೆಯ ಪೇಂಟರ್ ಒಬ್ಬರು ಬಂದರು. ಎಲ್ಲರೂ ಅವರನ್ನು ಉಸ್ತಾದ್ ಅನ್ನುತ್ತಿದ್ದರು. ಅವರ ಕೊಂಕಣಿಯ ಧಾಟಿ ಬೇರೆ, ನಮ್ಮ ಕಡೆಯದು ಬೇರೆ. ಆದರೂ ಮಾತು ತಿಳಿಯುತ್ತಿತ್ತು. ಏಣಿ ಹಿಡಿದು ನಿಂತ ನನಗೆ ಅವರು ಹೇಳಿದ ಮೊದಲ ಮಾತು, ‘ಅಕ್ಷರ ನೋಡಬೇಡ ಮಗಾ, ಅಕ್ಷರದ ಸುತ್ತ ಬಿಟ್ಟ ಜಾಗ ನೋಡು.’ ಮಾರನೆಯ ತಿಂಗಳಿಂದ ನಾನು ಅವರ ಹಿಂದೆ ಬಣ್ಣದ ಡಬ್ಬಿ ಹೊತ್ತುಕೊಂಡು ಹೊರಟೆ.

ಉಸ್ತಾದರ ಕೆಲಸ ಹೆಚ್ಚಾಗಿ ಇದೇ ರಸ್ತೆಯಲ್ಲಿ. ಮುಂಬಯಿ ನೋಡಿದವರೆಲ್ಲ ಈ ರಸ್ತೆಯಲ್ಲಿ ಒಮ್ಮೆಯಾದರೂ ನಡೆದಿರುತ್ತಾರೆ, ಹೆಸರು ಗೊತ್ತಿಲ್ಲದಿದ್ದರೂ. ಕ್ರಾಫರ್ಡ್ ಮಾರ್ಕೆಟಿನಿಂದ ಶುರುವಾಗಿ, ಜೆ.ಜೆ. ಕಲಾಶಾಲೆ, ವಿ.ಟಿ. ಸ್ಟೇಷನ್ ದಾಟಿ ಫ್ಲೋರಾ ಫೌಂಟನ್ನಿಗೆ ಬಂದು ಮುಟ್ಟುತ್ತದೆ. ಹಿಂದೆ ಇದು ಹಾರ್ನ್‌ಬಿ ರೋಡ್. 1771ರಿಂದ 1784ರವರೆಗೆ ಬೊಂಬಾಯಿಯ ಗವರ್ನರ್ ಆಗಿದ್ದ ವಿಲಿಯಂ ಹಾರ್ನ್‌ಬಿಯ ಹೆಸರು. ಆಗ ಇದು ಕೋಟೆಯೊಳಗಿನ ಒಂದು ಸಣ್ಣ ಬೀದಿ. 1860ರ ದಶಕದಲ್ಲಿ ಗವರ್ನರ್ ಬಾರ್ಟಲ್ ಫ್ರೇರ್ ಕೋಟೆಯ ಗೋಡೆಗಳನ್ನು ಕೆಡವಿಸಿದ. ಅಮೆರಿಕದ ಅಂತರ್ಯುದ್ಧದಿಂದ ಅಲ್ಲಿನ ಹತ್ತಿ ನಿಂತು ನಮ್ಮ ಹತ್ತಿಗೆ ಬೆಲೆ ಏರಿದ ಕಾಲ, ಊರಿನಲ್ಲಿ ದುಡ್ಡು ಓಡಾಡುತ್ತಿತ್ತು. ಬೀದಿ ಅಗಲವಾಯಿತು. 1888ರಲ್ಲಿ ವಿ.ಟಿ., 1893ರಲ್ಲಿ ಎದುರಿನ ಮಹಾನಗರಪಾಲಿಕೆ ಕಟ್ಟಡ, ಎರಡೂ ಎಫ್.ಡಬ್ಲ್ಯು. ಸ್ಟೀವನ್ಸ್ ಎಂಬ ಒಬ್ಬನೇ ವಾಸ್ತುಶಿಲ್ಪಿಯ ಕೈಯವು. ಪಶ್ಚಿಮದ ಬದಿಯಲ್ಲಿ 1885ರಿಂದ 1919ರ ನಡುವೆ ಅಂಗಡಿ, ಆಫೀಸು, ಬ್ಯಾಂಕುಗಳ ದೊಡ್ಡ ದೊಡ್ಡ ಕಟ್ಟಡಗಳು ಎದ್ದವು.

ಆ ಕಟ್ಟಡಗಳನ್ನು ಕಟ್ಟಿದವರು ಬೇರೆ ಬೇರೆ, ಶೈಲಿಯೂ ಬೇರೆ ಬೇರೆ. ಒಂದಕ್ಕೆ ಗಾಥಿಕ್ ಮೊನಚು ಕಮಾನು, ಇನ್ನೊಂದಕ್ಕೆ ರೋಮನರ ದುಂಡು ಕಮಾನು, ಮತ್ತೊಂದಕ್ಕೆ ಗುಮ್ಮಟ. ಆದರೂ ಕೆಳಗೆ ನಿಂತು ನೋಡಿದರೆ ಒಂದೇ ಮನೆತನದವರ ಹಾಗೆ ಕಾಣುತ್ತವೆ. ಅದಕ್ಕೆ ಕಾರಣ 1896ರ ಒಂದು ಸರಕಾರಿ ನಿಯಮ. ಈ ರಸ್ತೆಯಲ್ಲಿ ಯಾರೇ ಕಟ್ಟಡ ಕಟ್ಟಲಿ, ನೆಲಮಟ್ಟದಲ್ಲಿ ನಡೆಯುವವರಿಗಾಗಿ ಕಮಾನುಗಳ ಪಡಸಾಲೆ ಬಿಡಲೇಬೇಕು. ನಮ್ಮೂರ ಮನೆಗಳ ಜಗಲಿಯನ್ನು ಒಂದಕ್ಕೊಂದು ಜೋಡಿಸಿ ಬೀದಿಯುದ್ದಕ್ಕೂ ಎಳೆದರೆ ಹೇಗಿರುತ್ತದೋ ಹಾಗೆ. ಜೂನ್ ತಿಂಗಳ ಮಳೆಯಲ್ಲಿ ಕೊಡೆ ಇಲ್ಲದೆ ಅಂಗಡಿಯಿಂದ ಅಂಗಡಿಗೆ ನಡೆದುಹೋಗುವುದು ಎಂಥ ಸುಖ ಅಂತ ಅಲ್ಲಿ ನಡೆದವರಿಗೇ ಗೊತ್ತು.

ಅಂಗಡಿಯ ಮುಖದ ವಿಷಯ ತಿಳಿಯಬೇಕಾದರೆ ಈ ಪಡಸಾಲೆ ಅರ್ಥವಾಗಬೇಕು. ಇಲ್ಲಿನ ಪ್ರತಿ ಅಂಗಡಿಗೂ ಎರಡು ಮುಖ. ಹೊರಗಿನದು ರಸ್ತೆಗೆ ತೆರೆದ ಕಲ್ಲಿನ ಕಮಾನು, ಅದು ಕಟ್ಟಡದ್ದು. ನಾಲ್ಕು ಹೆಜ್ಜೆ ಒಳಗೆ ಬಂದರೆ ಸಾಗುವಾನಿ ಮರದ ಚೌಕಟ್ಟು, ದೊಡ್ಡ ಗಾಜು, ಗಾಜಿನ ಹಿಂದೆ ಸಾಮಾನು, ಬಾಗಿಲ ಮೇಲೆ ಬಣ್ಣದ ಗಾಜಿನ ಅರ್ಧಚಂದ್ರ. ಇದು ಅಂಗಡಿಯದ್ದು. ಹಳೆಯ ಕಾಲದಲ್ಲಿ ಅಂಗಡಿಯ ಹೆಸರು ಇದ್ದದ್ದು ಈ ಒಳಮುಖದಲ್ಲಿ, ಮರದ ಪಟ್ಟಿಯ ಮೇಲೆ, ಇಲ್ಲವೇ ಗಾಜಿನ ಒಳಬದಿಯಲ್ಲಿ ಬಂಗಾರದ ರೇಕಿನಿಂದ. ಗಿರಾಕಿ ನಡೆದು ಬರುತ್ತಿದ್ದ, ಹತ್ತಿರ ನಿಂತು ಓದುತ್ತಿದ್ದ, ಅಷ್ಟೇ ಸಾಕಾಗುತ್ತಿತ್ತು.

ಬಸ್ಸು ಕಾರು ಹೆಚ್ಚಾದ ಮೇಲೆ ಆ ಹೆಸರು ಸಾಲದಾಯಿತು. ಓಡುವ ಬಸ್ಸಿನಲ್ಲಿ ಕೂತವನಿಗೆ ಪಡಸಾಲೆಯ ನೆರಳಿನೊಳಗಿನ ಅಕ್ಷರ ಹೇಗೆ ಕಂಡೀತು? ಹೆಸರು ಹೊರಗೆ ಬಂದು ಕಲ್ಲಿನ ಕಮಾನಿನ ಮೇಲೆ ಕೂತಿತು. ಒಬ್ಬನದು ನಾಲ್ಕು ಅಡಿ ಆದರೆ ಪಕ್ಕದವನದು ಆರು. ಆರಕ್ಕೆ ಎಂಟು. ಮೊದಲು ತಗಡು, ಆಮೇಲೆ ನಿಯಾನ್, ಆಮೇಲೆ ಒಳಗೆ ಟ್ಯೂಬ್‌ಲೈಟ್ ಉರಿಯುವ ಪ್ಲಾಸ್ಟಿಕ್ ಪೆಟ್ಟಿಗೆಯ ಗ್ಲೋ ಸೈನ್, ಕೊನೆಗೆ ಫ್ಲೆಕ್ಸ್. ಕಳ್ಳರ ಭಯಕ್ಕೆ ರೋಲಿಂಗ್ ಶಟರ್ ಬಂತು. ಅದು ಸುತ್ತಿಕೊಳ್ಳುವ ಡಬ್ಬ ಕಮಾನಿನ ಹೊಟ್ಟೆಗೇ ಅಡ್ಡ. ಏಸಿ ಬಂತು, ಅದರ ಪೆಟ್ಟಿಗೆ ಕಂಬದ ತಲೆಯ ಮೇಲೆ, ತೊಟ್ಟಿಕ್ಕುವ ನೀರು ಕಲ್ಲಿನ ಮೇಲೆ. ಕೇಬಲ್ಲುಗಳು ಹಾವಿನ ಹಾಗೆ ಕೆತ್ತನೆಯ ಮೇಲೆಲ್ಲ ಹರಿದಾಡಿದವು. ತೊಂಬತ್ತರ ಹೊತ್ತಿಗೆ ಈ ರಸ್ತೆಯಲ್ಲಿ ಕಮಾನುಗಳಿವೆ ಅನ್ನುವುದೇ ಜನಕ್ಕೆ ಮರೆತುಹೋಗಿತ್ತು. ಮೊದಲ ಮಾಳಿಗೆಯಿಂದ ಮೇಲೆ ಮಾತ್ರ ಹಳೆಯ ಕಟ್ಟಡ. ಕೆಳಗೆ ಎಲ್ಲ ಊರಿನ ಎಲ್ಲ ಬಜಾರಿನ ಹಾಗೆ.

ಆ ಬೋರ್ಡುಗಳಲ್ಲಿ ಎಷ್ಟೋ ನನ್ನವೇ. ಇದನ್ನು ಮುಚ್ಚಿಡುವಂತಿಲ್ಲ. 1986ರಲ್ಲಿ ಉಸ್ತಾದರಿಂದ ಬೇರೆಯಾಗಿ ಸ್ವಂತಕ್ಕೆ ಹಿಡಿದ ಮೊದಲ ದೊಡ್ಡ ಕೆಲಸ ಒಂದು ಬಟ್ಟೆ ಅಂಗಡಿಯದ್ದು. ಹನ್ನೆರಡು ಅಡಿ ಉದ್ದ, ಮೂರೂವರೆ ಅಡಿ ಎತ್ತರದ ತಗಡಿನ ಬೋರ್ಡು. ಮರದ ಚೌಕಟ್ಟು ಮಾಡಿಸಿ, ಕೆಂಪು ಎನಾಮಲ್ ಎರಡು ಕೈ ಹೊಡೆದು, ಹಳದಿ ಅಕ್ಷರ ಬರೆದು, ಕಪ್ಪು ನೆರಳು ಕೊಟ್ಟೆ. ಕಮಾನಿನ ಮೇಲೆ ಕೂರಿಸುವುದು ಹೇಗೆ? ಇಬ್ಬರನ್ನು ಕರೆದು ಕಲ್ಲಿಗೆ ಆರು ತೂತು ಹೊಡೆಸಿದೆ, ಕಬ್ಬಿಣದ ಬೋಲ್ಟು ಇಳಿಸಿ ಸಿಮೆಂಟು ತುಂಬಿಸಿದೆ. ನಡುಮಧ್ಯದ ಬೋಲ್ಟು ಕಮಾನಿನ ನೆತ್ತಿಯ ಕಲ್ಲಿಗೇ ಇಳಿಯಿತು. ಅಲ್ಲಿ ಏನೋ ಎಲೆಯ ಕೆತ್ತನೆ ಇತ್ತು; ಎರಡು ಎಲೆಯ ತುದಿ ಬೋರ್ಡಿಗೆ ತಾಗುತ್ತದೆ ಅಂತ ಉಳಿಯಿಂದ ತೆಗೆಸಿದ್ದೂ ನಾನೇ. ಕೆಲಸ ಮುಗಿದ ದಿನ ರಸ್ತೆಯ ಆಚೆ ನಿಂತು ನನ್ನ ಅಕ್ಷರ ನೋಡಿ ಹಿಗ್ಗಿದೆ. ಉಸ್ತಾದರು ಬಂದು ನೋಡಿದರು. ಅಕ್ಷರ ಚೆನ್ನಾಗಿದೆ ಅಂದರು. ಮತ್ತೇನೂ ಹೇಳಲಿಲ್ಲ.

ಮುಂಬಯಿಯಲ್ಲಿ 1995ರಲ್ಲಿ ಪರಂಪರೆಯ ಕಟ್ಟಡಗಳನ್ನು ಕಾಪಾಡುವ ನಿಯಮಾವಳಿ ಬಂತು. ಕಟ್ಟಡಗಳ ಪಟ್ಟಿ ಮಾಡಿ, ದರ್ಜೆ ಕೊಟ್ಟು, ಯಾವುದನ್ನು ಎಷ್ಟರಮಟ್ಟಿಗೆ ಬದಲಿಸಬಹುದು ಎಂದು ಗೊತ್ತುಮಾಡಿದ ನಿಯಮ. ಒಂದೊಂದೇ ಕಟ್ಟಡವಲ್ಲದೆ ಇಡೀ ಬೀದಿಯ ಚಹರೆಗೂ ಬೆಲೆಯಿದೆ ಎನ್ನುವ ವಿಚಾರ ಅದರಲ್ಲಿತ್ತು. ಅದಾಗಿ ಕೆಲವು ವರ್ಷಕ್ಕೆ, ಮುಂಬಯಿ ಮಹಾನಗರ ಪ್ರದೇಶ ಅಭಿವೃದ್ಧಿ ಪ್ರಾಧಿಕಾರದ (ಎಂಎಂಆರ್‌ಡಿಎ) ಬೆಂಬಲದಿಂದ, ಆಭಾ ನಾರಾಯಣ್ ಲಾಂಬಾ ಎಂಬ ವಾಸ್ತುಶಿಲ್ಪಿ ಈ ರಸ್ತೆಯ ಕಟ್ಟಡಗಳನ್ನು ಅಳೆದು, ಚಿತ್ರ ಬರೆದು, ಅಂಗಡಿಗಳ ಬೋರ್ಡು ಹೇಗಿರಬೇಕು, ದೀಪದ ಕಂಬ, ಬೆಂಚು ಹೇಗಿರಬೇಕು ಅಂತ ಒಂದು ಕೈಪಿಡಿ ಮಾಡಿದರು. ಅಂಗಡಿಯವರು, ಕಟ್ಟಡದ ಮಾಲಕರು, ಬಾಡಿಗೆದಾರರು ಸೇರಿ ಹೆರಿಟೇಜ್ ಮೈಲ್ ಅಸೋಸಿಯೇಷನ್ ಅಂತ ಸಂಘ ಕಟ್ಟಿಕೊಂಡರು. ಈ ಕೆಲಸಕ್ಕೆ 2004ರಲ್ಲಿ ಯುನೆಸ್ಕೋದ ಏಷ್ಯಾ–ಪೆಸಿಫಿಕ್ ಪರಂಪರೆ ಪ್ರಶಸ್ತಿಗಳ ಸಾಲಿನಲ್ಲಿ ಮನ್ನಣೆಯೂ ಸಿಕ್ಕಿತು.

ಬೋರ್ಡಿನ ಮಟ್ಟಿಗೆ ನಮಗೆ ತಿಳಿದ ನಿಯಮ ಸರಳ. ಹೆಸರು ಕಮಾನಿನ ಬಾಯಿಯೊಳಗೆ ಕೂರಬೇಕು. ಕಂಬದ ಮೇಲೆ ಹಾಯಬಾರದು, ಕೆತ್ತನೆ ಮುಚ್ಚಬಾರದು.

ಅಂಗಡಿಯವರು ಇದಕ್ಕೆ ಕೂಡಲೇ ಒಪ್ಪಿದರು ಎಂದರೆ ಸುಳ್ಳಾದೀತು. ‘ಹನ್ನೆರಡು ಅಡಿ ಬೋರ್ಡು ಇದ್ದಾಗಲೇ ಗಿರಾಕಿ ಬರೋದಿಲ್ಲ, ಮೂರು ಅಡಿ ಮಾಡಿದರೆ ಬಾಗಿಲು ಹಾಕಬೇಕಾದೀತು’ ಅಂತ ಆ ಬಟ್ಟೆ ಅಂಗಡಿಯ ಸೇಠರು ನನ್ನೆದುರೇ ಕೂಗಾಡಿದರು. ಅವರ ಭಯ ಸುಳ್ಳಲ್ಲ. ಒಬ್ಬನೇ ಬೋರ್ಡು ಇಳಿಸಿದರೆ ಅವನು ಕಾಣದೆ ಹೋಗುತ್ತಾನೆ, ಪಕ್ಕದವನು ಮೆರೆಯುತ್ತಾನೆ. ಸಾಲಿನವರೆಲ್ಲ ಒಟ್ಟಿಗೆ ಇಳಿಸಿದರೆ ಯಾರಿಗೂ ನಷ್ಟವಿಲ್ಲ. ಎಲ್ಲರ ಹೆಸರೂ ಒಂದೇ ಮಟ್ಟದಲ್ಲಿ, ಓದುವ ಕಣ್ಣಿಗೆ ಸುಲಭ. ಸಂಘ ಬೇಕಾದದ್ದು ಇದಕ್ಕೇ. ಸರಕಾರದ ನೋಟೀಸಿನಿಂದ ಆಗದ್ದು ಅಕ್ಕಪಕ್ಕದವರು ಚಹಾ ಕುಡಿಯುತ್ತ ಕೂತು ಮಾತಾಡಿದ್ದರಿಂದ ಆಯಿತು ಅಂತ ನಾನು ಕಣ್ಣಾರೆ ಕಂಡು ಹೇಳುತ್ತೇನೆ.

2000ನೇ ಇಸವಿಯ ಮಳೆಗಾಲ ಮುಗಿದ ಮೇಲೆ ಆ ಬಟ್ಟೆ ಅಂಗಡಿಯ ಕಟ್ಟಡಕ್ಕೆ ಬಿದಿರಿನ ಪರಾಂಚಿ ಕಟ್ಟಿದರು. ಊರಿನಲ್ಲಿ ನಾವು ಅಟ್ಟಣಿಗೆ ಅನ್ನುವುದಕ್ಕೆ ಮುಂಬಯಿಯಲ್ಲಿ ಪರಾಂಚಿ. ಸೇಠರು ನನಗೇ ಹೇಳಿಕಳಿಸಿದರು: ‘ನೀನೇ ಹಾಕಿದ್ದು, ನೀನೇ ಇಳಿಸು.’

ಆರು ಬೋಲ್ಟಿನಲ್ಲಿ ನಾಲ್ಕು ತಿರುಗಲಿಲ್ಲ, ಗರಗಸದಿಂದ ಕೊಯ್ದೆವು. ತಗಡು ಬಿಚ್ಚಿದಾಗ ಹಿಂದಿನಿಂದ ಹದಿನಾಲ್ಕು ವರ್ಷದ ಧೂಳು, ಪಾರಿವಾಳದ ಗೂಡು, ಯಾವುದೋ ಹಳೆಯ ವೈರು ಎಲ್ಲ ಒಟ್ಟಿಗೆ ಬಿತ್ತು. ಆಮೇಲೆ ಕಲ್ಲು ಕಂಡಿತು. ಮೊದಲು ಕಂಡದ್ದು ನನ್ನ ನಡುವಿನ ಬೋಲ್ಟು. ಅದು ತುಕ್ಕು ಹಿಡಿದು ಹೆಬ್ಬೆರಳಿನಷ್ಟು ಇದ್ದದ್ದು ಎರಡು ಬೆರಳಿನಷ್ಟು ದಪ್ಪವಾಗಿತ್ತು. ಅದರಿಂದ ಹೊರಟ ಬಿರುಕು ನೆತ್ತಿಗಲ್ಲಿನ ಎಲೆಯ ನಡುವೆ ಹಾದು ಕೆಳಗಿನ ಅಂಚಿನವರೆಗೂ ಹೋಗಿತ್ತು. ಬೆರಳಿಟ್ಟು ನೋಡಿದೆ. ಕಲ್ಲಿನ ಒಂದು ಚೂರು ಕೈಗೇ ಬಂತು, ಒಣಗಿದ ಬೆಲ್ಲದ ಹಾಗೆ.

ಕಲ್ಲಿನ ಕೆಲಸಕ್ಕೆ ಬಂದಿದ್ದ ಮೇಸ್ತ್ರಿ ನನಗೆ ಅವತ್ತು ವಿವರಿಸಿದ. ಕಬ್ಬಿಣ ತುಕ್ಕಾದರೆ ಮೊದಲಿಗಿಂತ ಹಲವು ಪಟ್ಟು ಜಾಗ ಬೇಡುತ್ತದೆ. ಸಮುದ್ರದ ಉಪ್ಪುಗಾಳಿಯ ಊರಿನಲ್ಲಿ ತುಕ್ಕು ನಿಲ್ಲುವುದೂ ಇಲ್ಲ. ತೂತಿನೊಳಗೆ ಅದು ಉಬ್ಬಿ ಕಲ್ಲನ್ನು ಒಳಗಿನಿಂದ ಸೀಳುತ್ತದೆ. ಅದರ ಸುತ್ತ ನಾನು ತುಂಬಿಸಿದ್ದ ಸಿಮೆಂಟು ಇನ್ನೊಂದು ಕೇಡು. ಈ ಕಟ್ಟಡಗಳ ಕಲ್ಲು, ಮಾಲಾಡಿನ ಹಳದಿ ಕಲ್ಲಾಗಲಿ, ಕೆತ್ತನೆಗೆ ಬಳಸಿದ ಪೋರಬಂದರಿನ ಸುಣ್ಣಕಲ್ಲಾಗಲಿ, ಮಳೆಯಲ್ಲಿ ನೀರು ಕುಡಿದು ಬಿಸಿಲಿನಲ್ಲಿ ಬಿಡುತ್ತದೆ. ಹಳೆಯ ಸುಣ್ಣದ ಗಾರೆ ಮೆತ್ತಗೆ. ಆ ನೀರು ಗಾರೆಯ ಸಂದಿನಿಂದ ಆವಿಯಾಗಿ ಹೋಗುತ್ತದೆ, ಸವೆದರೆ ಗಾರೆ ಸವೆಯುತ್ತದೆ, ಕಲ್ಲು ಉಳಿಯುತ್ತದೆ. ಸಿಮೆಂಟು ಕಲ್ಲಿಗಿಂತ ಗಟ್ಟಿ. ನೀರಿಗೆ ಅಲ್ಲಿ ದಾರಿಯಿಲ್ಲ. ಅದು ಕಲ್ಲಿನ ಮೂಲಕವೇ ಹೊರಬರುತ್ತದೆ, ಬರುವಾಗ ಉಪ್ಪನ್ನು ತಂದು ಕಲ್ಲಿನ ಚರ್ಮದ ಕೆಳಗೆ ಬಿಡುತ್ತದೆ, ಚರ್ಮ ಹೊಪ್ಪಳಿಕೆಯಾಗಿ ಏಳುತ್ತದೆ. ಆಯಿಲ್ ಪೇಂಟ್ ಬಳಿದ ಕಲ್ಲಿನದೂ ಇದೇ ಕಥೆ.

ಅಂಗಡಿಯ ಮುಖವನ್ನು ಸರಿಮಾಡುವುದು ಅಂದರೆ ಹೊಸದನ್ನು ತಂದು ಜೋಡಿಸುವುದು ಅಂತ ನಾನು ತಿಳಿದಿದ್ದೆ. ಆ ಮೂರು ತಿಂಗಳಲ್ಲಿ ಕಂಡದ್ದು ಬೇರೆ. ಕೆಲಸದ ಬಹುಪಾಲು ಬಿಚ್ಚುವುದೇ. ಬೋರ್ಡು ಬಿಚ್ಚಿದರು, ಸತ್ತ ವೈರು ಬಿಚ್ಚಿದರು, ಶಟರಿನ ಡಬ್ಬ ಇಳಿಸಿದರು, ಕಮಾನಿನ ಮೇಲುಭಾಗಕ್ಕೆ ಹೊಡೆದಿದ್ದ ಪ್ಲೈವುಡ್ ಕಿತ್ತರು. ಪ್ಲೈವುಡ್ಡಿನ ಹಿಂದೆ ಒಳಮುಖದ ಬಣ್ಣದ ಗಾಜಿನ ಅರ್ಧಚಂದ್ರ ಹಾಗೆಯೇ ಇತ್ತು. ಏಳು ಎಸಳಿನಲ್ಲಿ ಎರಡು ಮಾತ್ರ ಒಡೆದಿದ್ದವು. ಸೇಠರಿಗೆ ಅದು ಅಲ್ಲಿದೆ ಎನ್ನುವುದೇ ಗೊತ್ತಿರಲಿಲ್ಲ. ಅವರ ತಂದೆಯ ಕಾಲದಲ್ಲೇ ಮುಚ್ಚಿತ್ತು.

ಕಲ್ಲು ತೊಳೆಯುವುದರಲ್ಲೂ ಅವಸರವಿಲ್ಲ. ಮರಳು ಚಿಮ್ಮಿಸಿ ಉಜ್ಜಿದರೆ, ಆ್ಯಸಿಡ್ ಹಾಕಿದರೆ ಒಂದೇ ದಿನಕ್ಕೆ ಬೆಳ್ಳಗಾಗುತ್ತದೆ. ಆದರೆ ಕೆತ್ತನೆಯ ಅಂಚು ಹೋಗುತ್ತದೆ, ಕಲ್ಲಿನ ಗಟ್ಟಿ ಚರ್ಮವೂ ಹೋಗಿ ಮುಂದಿನ ಮಳೆಗೆ ಇನ್ನಷ್ಟು ಬೇಗ ಸವೆಯುತ್ತದೆ. ಇಲ್ಲಿ ಮೊದಲು ಮೂಲೆಯಲ್ಲಿ ಅಂಗೈ ಅಗಲದ ಜಾಗದಲ್ಲಿ ಪರೀಕ್ಷೆ ಮಾಡಿದರು. ನೀರು, ಮೆತ್ತನೆಯ ನೈಲಾನ್ ಬ್ರಶ್ಶು. ಹೋಗದ ಎಣ್ಣೆಕಲೆಗೆ ಜೇಡಿಯಂಥ ಲೇಪ ಮೆತ್ತಿ, ಒಣಗಲು ಬಿಟ್ಟು, ಕಲೆಯನ್ನು ಅದು ಹೀರಿಕೊಂಡ ಮೇಲೆ ಕೆರೆದರು. ನಮ್ಮಜ್ಜಿ ಬಟ್ಟೆಯ ಎಣ್ಣೆಕಲೆಗೆ ಕಡಲೆಹಿಟ್ಟು ಒತ್ತುತ್ತಿದ್ದಳಲ್ಲ, ಅದೇ ವಿದ್ಯೆ. ಹಳೆಯ ಸಿಮೆಂಟನ್ನು ಸಂದಿಯಿಂದ ಚಿಕ್ಕ ಉಳಿಯಲ್ಲಿ ಕೈಯಿಂದಲೇ ತೆಗೆದರು, ಸುಣ್ಣದ ಗಾರೆ ತುಂಬಿದರು, ಅದು ಬೇಗ ಒಣಗಿ ಬಿರುಕು ಬಿಡದ ಹಾಗೆ ಒದ್ದೆ ಗೋಣಿ ಹೊದಿಸಿದರು.

ನನ್ನ ನೆತ್ತಿಗಲ್ಲು? ಬೋಲ್ಟಿನ ಬೇರು ತೆಗೆದು, ಬಿರುಕಿನೊಳಗೆ ತುಕ್ಕು ಹಿಡಿಯದ ಸ್ಟೀಲಿನ ಸಣ್ಣ ಕಡ್ಡಿ ಕೂರಿಸಿ, ಕಲ್ಲಿನ ಪುಡಿ ಬೆರೆಸಿದ ಸುಣ್ಣದಿಂದ ಮುಚ್ಚಿದರು. ನಾನು ಕಡಿಸಿದ ಎರಡು ಎಲೆಯ ತುದಿಯನ್ನು ಮಾತ್ರ ಹಾಗೇ ಬಿಟ್ಟರು. ಹೊಸತಾಗಿ ಮಾಡಿ ಅಂಟಿಸಿ ಅಂತ ನಾನು ಕೇಳಿಕೊಂಡೆ, ನನ್ನ ಕೂಲಿಯಲ್ಲಿ ಹಿಡಿಯಿರಿ ಅಂತಲೂ ಹೇಳಿದೆ. ಕೆಲಸ ನೋಡಿಕೊಳ್ಳುತ್ತಿದ್ದ ಹುಡುಗಿ, ಆಗಷ್ಟೇ ಓದು ಮುಗಿಸಿದ ವಾಸ್ತುಶಿಲ್ಪಿ, ತಲೆಯಾಡಿಸಿದಳು. ‘ಅಂಕಲ್, ಕಟ್ಟಡ ನಿಲ್ಲುವುದಕ್ಕೆ ಬೇಕಾದ್ದು ಮಾಡಿದ್ದೇವೆ. ಉಳಿದದ್ದು ಅದಕ್ಕೆ ಆದದ್ದು. ಅದು ಇರಲಿ.’ ಇವತ್ತಿಗೂ ಆ ಎಲೆ ಹಾಗೇ ಇದೆ. ಆ ಕಮಾನಿನ ಕೆಳಗೆ ಹೋಗುವಾಗಲೆಲ್ಲ ನಾನು ಮೇಲೆ ನೋಡುತ್ತೇನೆ.

ಇಷ್ಟೊಂದು ಕಾಲ ಯಾರೂ ಯಾಕೆ ನೋಡಲಿಲ್ಲ ಎನ್ನುವ ಪ್ರಶ್ನೆ ಓದುವವರಿಗೆ ಬಂದೀತು. ಅದಕ್ಕೆ ದೊಡ್ಡ ಕಾರಣ ಬಾಡಿಗೆ. 1947ರ ಬಾಡಿಗೆ ಕಾನೂನು ಮುಂಬಯಿಯ ಹಳೆಯ ಕಟ್ಟಡಗಳ ಬಾಡಿಗೆಯನ್ನು 1940ರ ಮಟ್ಟಕ್ಕೆ ಕಟ್ಟಿಹಾಕಿತು. ಬಡ ಬಾಡಿಗೆದಾರನನ್ನು ಕಾಪಾಡಲು ಬಂದ ಕಾನೂನು, ಅಂದಿಗೆ ಅದು ಬೇಕಾಗಿತ್ತು. ಆದರೆ ದಶಕಗಳು ಉರುಳಿದರೂ ಬಾಡಿಗೆ ಏರಲಿಲ್ಲ, ಕಲ್ಲು, ಮರ, ಕೂಲಿ ಎಲ್ಲ ಏರಿತು. ಬಾಡಿಗೆಯ ದುಡ್ಡಿನಲ್ಲಿ ಒಂದು ಕಿಟಕಿ ರಿಪೇರಿಯಾಗದು ಅಂತ ಮಾಲಕ ಕೈಬಿಟ್ಟ. ಕಟ್ಟಡ ನನ್ನದಲ್ಲ ಅಂತ ಬಾಡಿಗೆದಾರ ಕೈಬಿಟ್ಟ. ಪಗಡಿ, ಅಂದರೆ ಬಾಡಿಗೆ ಹಕ್ಕಿಗಾಗಿ ಮೊದಲೇ ಒಂದು ದೊಡ್ಡ ಮೊತ್ತ, ಕೊಟ್ಟು ಅಂಗಡಿ ಹಿಡಿದವನಿಗೆ ತನ್ನದು ಅನ್ನಿಸುವುದು ಒಳಗಿನ ನಾಲ್ಕು ಗೋಡೆ ಮಾತ್ರ. ಹೊರಗಿನ ಕಮಾನು ಯಾರದ್ದೂ ಅಲ್ಲ. 1999ರಲ್ಲಿ ಹೊಸ ಬಾಡಿಗೆ ಕಾನೂನು ಬಂದರೂ ಹಳೆಯ ಗಂಟು ಪೂರ್ತಿ ಬಿಚ್ಚಿಕೊಂಡಿಲ್ಲ.

ಒಳಗಿನ ಜೀವ ಹೋಗಿ ಮುಖ ಮಾತ್ರ ಉಳಿದರೆ ಏನಾಗುತ್ತದೆ ಎನ್ನುವುದಕ್ಕೆ ಇದೇ ರಸ್ತೆಯ ಫೋರ್ಟ್ ಹೌಸ್ ನನ್ನ ಕಣ್ಣಲ್ಲಿದೆ. ಹಿಂದಿನ ಕಾಲದ ವರ್ತಕ ಜಮ್‌ಶೆಟ್ಜಿ ಜೀಜೀಭಾಯಿಯವರ ಬಂಗಲೆಯಾಗಿದ್ದದ್ದು, ಆಮೇಲೆ ಈವಾನ್ಸ್ ಫ್ರೇಸರ್ ಎಂಬ ದೊಡ್ಡ ಅಂಗಡಿಯಾಯಿತು, ನಾನು ಬಂದಾಗ ಹ್ಯಾಂಡ್‌ಲೂಮ್ ಹೌಸ್. 1982ರಲ್ಲಿ ಬೆಂಕಿಗೆ ಒಳಗೆಲ್ಲ ಸುಟ್ಟುಹೋಯಿತು. ಮುಂದಿನ ಗೋಡೆ ನಿಂತಿತು. ಮರುದಿನ ಹೋಟೆಲಿನ ಹುಡುಗರೆಲ್ಲ ನೋಡಲು ಹೋಗಿದ್ದೆವು. ಸುಟ್ಟ ಮರದ ವಾಸನೆ, ನೀರಿನಲ್ಲಿ ತೇಲುವ ಕರಿ. ಆ ಮುಖವನ್ನು ಮುಂದೆ ಇಟ್ಟುಕೊಂಡು ಹಿಂದೆ ಹೊಸ ಕಟ್ಟಡ ಕಟ್ಟಿದರು. ಮುಖ ಉಳಿಸಿದ್ದಕ್ಕೆ ಸಂತೋಷವೇ. ಆದರೆ ಅದು ಹಿಂದೆ ಮನೆಯಿಲ್ಲದ ಜಗಲಿ ಅಂತ ಇಂದಿಗೂ ನನಗೆ ಅನ್ನಿಸುತ್ತದೆ. ಇದಕ್ಕೆ ವಿರುದ್ಧದ ಉದಾಹರಣೆ ಖಾದಿ ಭಂಡಾರ. ವೈಟ್‌ಅವೇ ಲೈಡ್ಲಾ ಎಂಬ ವಿಲಾಯತಿ ಸಾಮಾನಿನ ದೊಡ್ಡ ಅಂಗಡಿ ಇದ್ದ ಕಟ್ಟಡದಲ್ಲೇ ಖಾದಿ ಬಂದು ಕೂತಿತು. ವಿಲಾಯತಿ ಬಟ್ಟೆ ಮಾರಿದ ಮರದ ಕಪಾಟಿನಲ್ಲಿ ಕೈಮಗ್ಗದ ಬಟ್ಟೆ. ಅಂಗಡಿ ಅಂಗಡಿಯಾಗಿಯೇ ಮುಂದುವರಿದದ್ದರಿಂದ ಕಟ್ಟಡಕ್ಕೂ ಜೀವ ಉಳಿಯಿತು.

ಕಲ್ಲಿನ ಕೆಲಸ ಮುಗಿದ ಮೇಲೆ ಸೇಠರ ಹೆಸರನ್ನು ಮತ್ತೆ ಬರೆಯುವ ಸರದಿ ನನ್ನದು. ಕಲ್ಲಿಗೆ ಒಂದು ಮೊಳೆಯೂ ಇಲ್ಲ. ಕಮಾನಿನ ಬಾಯಿಯೊಳಗೆ ಬಿಗಿಯಾಗಿ ಕೂರುವ ಸಾಗುವಾನಿ ಪಟ್ಟಿ. ಅದನ್ನು ಹಿಡಿಯಲು ಎರಡೇ ಸ್ಕ್ರೂ, ಅವೂ ಕಲ್ಲಿಗಲ್ಲ, ಎರಡು ಕಲ್ಲಿನ ನಡುವಿನ ಗಾರೆಯ ಸಂದಿಗೆ. ಮುಂದೆ ಯಾರಾದರೂ ತೆಗೆದರೆ ಚಿಟಿಕೆ ಗಾರೆಯಲ್ಲಿ ತೂತು ಮುಚ್ಚಬಹುದು. ಬಾಗಿಲ ಗಾಜಿನ ಮೇಲೆ ಬಂಗಾರದ ಅಕ್ಷರ ಬೇಕು ಅಂತ ಸೇಠರ ಮಗ ಹೇಳಿದ. ಅದನ್ನು ಬಲ್ಲವರು ಉಸ್ತಾದರೊಬ್ಬರೇ. ಆಗ ಅವರಿಗೆ ಎಪ್ಪತ್ತು ದಾಟಿತ್ತು, ಕಣ್ಣಿಗೆ ಪೊರೆ. ಭೆಂಡಿ ಬಜಾರಿನ ಮನೆಯಿಂದ ಟ್ಯಾಕ್ಸಿಯಲ್ಲಿ ಕರೆತಂದು ಪಡಸಾಲೆಯಲ್ಲಿ ಕುರ್ಚಿ ಹಾಕಿ ಕೂರಿಸಿದೆ. ಅವರು ಹೇಳಿದರು, ನಾನು ಮಾಡಿದೆ.

ಗಾಜನ್ನು ಸೀಮೆಸುಣ್ಣದ ಪುಡಿಯಿಂದ ಉಜ್ಜಿ ಒಂದು ಬೆರಳಚ್ಚೂ ಇಲ್ಲದಂತೆ ತೊಳೆಯಬೇಕು. ಬಿಸಿನೀರಿನಲ್ಲಿ ಚೂರೇ ಚೂರು ಜೆಲಾಟಿನ್ ಕರಗಿಸಿ, ಒಳಬದಿಯಿಂದ ಗಾಜಿನ ಮೇಲೆ ಹರಿಸಬೇಕು. ರೇಕು ಎಷ್ಟು ತೆಳು ಅಂದರೆ ಕೈಯಿಂದ ಮುಟ್ಟಿದರೆ ಇಲ್ಲವಾಗುತ್ತದೆ. ಅಗಲವಾದ ಕೂದಲಿನ ಬ್ರಶ್ಶನ್ನು ಕೆನ್ನೆಗೆ ಒಮ್ಮೆ ಸವರಿದರೆ ಚರ್ಮದ ಜಿಡ್ಡು ಹತ್ತುತ್ತದೆ, ಆ ಜಿಡ್ಡಿಗೆ ರೇಕು ಅಂಟಿಕೊಂಡು ಏಳುತ್ತದೆ. ಗಾಜಿನ ಹತ್ತಿರ ಒಯ್ದರೆ ಅದೇ ಹಾರಿ ಕೂರುತ್ತದೆ. ಉಸಿರು ಬಿಡುವಂತಿಲ್ಲ. ಒಣಗಿದ ಮೇಲೆ ಹಿಂಬದಿಯಿಂದ ಅಕ್ಷರವನ್ನು ತಿರುಗಾಮುರುಗಾ ಬಣ್ಣದಲ್ಲಿ ಬರೆದು, ಬಣ್ಣದ ಹೊರಗೆ ಉಳಿದ ಬಂಗಾರವನ್ನು ಒದ್ದೆ ಹತ್ತಿಯಿಂದ ಒರೆಸಿ ತೆಗೆಯಬೇಕು. ನಾಲ್ಕು ದಿನ ಹಿಡಿಯಿತು. ಉಸ್ತಾದರು ಹೊರಗಿನಿಂದ ಗಾಜಿಗೆ ಮೂಗು ತಾಗಿಸಿ ಓದಿದರು. ಅಕ್ಷರವನ್ನಲ್ಲ, ಅಕ್ಷರಗಳ ನಡುವಿನ ಜಾಗವನ್ನು ಬೆರಳಿನಿಂದ ಒಂದೊಂದಾಗಿ ಮುಟ್ಟುತ್ತ ಹೋದರು.

ಈಗ ಆ ರಸ್ತೆ ಪೂರ್ತಿ ಚೊಕ್ಕಟವಾಗಿದೆ ಅಂತ ಹೇಳಲಾರೆ. ಕೆಲವು ಕಮಾನು ಮತ್ತೆ ಮುಚ್ಚಿವೆ. ಎಲ್‌ಇಡಿ ಪಟ್ಟಿಗಳು ಬಂದಿವೆ. ಅಂಗಡಿ ಕೈ ಬದಲಾಯಿಸಿದಾಗಲೆಲ್ಲ ಹೊಸಬರಿಗೆ ಮತ್ತೆ ಮೊದಲಿನಿಂದ ಹೇಳಬೇಕು. ಪಡಸಾಲೆಯಲ್ಲಿ ಸಾಮಾನು ಹರಡಿ ಮಾರುವವರ ಟಾರ್ಪಾಲು ಕೆಲವು ಕಡೆ ದಾರಿ ಕಟ್ಟುತ್ತದೆ. ಆದರೆ ಅವರನ್ನು ಓಡಿಸಿದರೆ ಬೀದಿ ಸುಂದರವಾಯಿತು ಅನ್ನುವವರ ಮಾತು ನನಗೆ ಹಿಡಿಸುವುದಿಲ್ಲ. ನಡೆಯುವವರಿಗೆ ಬಿಟ್ಟ ಜಗಲಿಯಲ್ಲಿ ಬಡವನೂ ಒಬ್ಬ ನಡೆಯುವವನೇ. ಕಂಬದ ನಡುವೆ ಅಳತೆ ಮಾಡಿ ಜಾಗ ಕೊಟ್ಟರೆ ಇಬ್ಬರಿಗೂ ಆಗುತ್ತದೆ.

ಈಚೆಗೆ ನಮಗೆ ಕೆಲಸ ಹೆಚ್ಚಾದದ್ದು ಭಾಷೆಯಿಂದ. ಮಹಾರಾಷ್ಟ್ರದಲ್ಲಿ 2022ರ ತಿದ್ದುಪಡಿಯಂತೆ ಸಣ್ಣ ಅಂಗಡಿಯೂ ಮರಾಠಿಯಲ್ಲಿ ಹೆಸರು ಹಾಕಬೇಕು, ಅದು ಬೇರೆ ಲಿಪಿಗಿಂತ ಚಿಕ್ಕದಿರಬಾರದು. 2023ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಎರಡು ತಿಂಗಳ ಗಡುವು ಕೊಟ್ಟಾಗ ನನ್ನ ಫೋನು ಒಂದೇ ಸಮನೆ ರಿಂಗಣಿಸಿತು. ಕರ್ನಾಟಕದಲ್ಲೂ 2024ರಲ್ಲಿ ಬೋರ್ಡಿನ ಶೇಕಡಾ 60 ಭಾಗ ಕನ್ನಡವಿರಬೇಕೆಂಬ ಕಾನೂನು ಬಂತಲ್ಲ. ಎರಡೂ ನ್ಯಾಯವೇ, ನೆಲದ ಭಾಷೆಗೆ ಮೊದಲ ಜಾಗ. ಆದರೆ ಕಮಾನಿನ ಅಳತೆ ಕಾನೂನಿಗೆ ತಕ್ಕಂತೆ ಹಿಗ್ಗುವುದಿಲ್ಲ. ಎರಡು ಲಿಪಿಯನ್ನು ಅರ್ಧಚಂದ್ರದೊಳಗೆ ಕೂರಿಸಬೇಕು. ದೇವನಾಗರಿಗೆ ತಲೆಯ ಮೇಲೆ ಒಂದೇ ಗೆರೆ. ಆ ಗೆರೆಯನ್ನೇ ಕಮಾನಿನ ಜೊತೆ ಬಾಗಿಸಿದರೆ ಅಕ್ಷರಗಳು ಅದರಿಂದ ತೂಗುಬಿದ್ದ ಹಾಗೆ ಚೆಂದ ಕಾಣುತ್ತವೆ. ಇಂಗ್ಲಿಷನ್ನು ಕೆಳಗೆ ನೇರಸಾಲಿನಲ್ಲಿ ಇಡುತ್ತೇನೆ. ಜಾಗ ಸಾಕಾಗುತ್ತದೆ, ಯಾರೂ ಕಲ್ಲಿನ ಮೇಲೆ ಹತ್ತಬೇಕಾಗಿಲ್ಲ.

ಕಳೆದ ವರ್ಷ ನಮ್ಮ ಹಳೆಯ ಹೋಟೆಲಿನಿಂದಲೇ ಕರೆ ಬಂತು. ಈಗ ಗಲ್ಲಾದಲ್ಲಿ ಶೆಟ್ರ ಮೊಮ್ಮಗ. ಬಾಗಿಲ ಮೇಲಿನ ಅರ್ಧಚಂದ್ರದ ಗಾಜಿಗೆ ಮರಾಠಿಯ ಕೆಳಗೆ ಒಂದು ಸಾಲು ಕನ್ನಡವೂ ಇರಲಿ ಅಂದ. ‘ಶುದ್ಧ ಸಸ್ಯಾಹಾರಿ’ ಅಂತ. ಈ ಊರಿನಲ್ಲಿ ನಾಲ್ಕು ದಶಕ ಬೋರ್ಡು ಬರೆದರೂ ಕಮಾನಿನೊಳಗೆ ಕನ್ನಡ ಬರೆದದ್ದು ಅದೇ ಮೊದಲು. ಕನ್ನಡಕ್ಕೆ ಬಾಗಿಸಲು ಗೆರೆಯೇ ಬೇಕಿಲ್ಲ. ಪ್ರತಿ ಅಕ್ಷರಕ್ಕೂ ಅದರದೇ ತಲೆಕಟ್ಟು, ಮೈಯೆಲ್ಲ ದುಂಡು. ಒಂದೊಂದನ್ನೂ ಚೂರು ಚೂರು ವಾಲಿಸಿದರೆ ಕಮಾನಿನ ಸುತ್ತ ತಾನೇ ಕೂರುತ್ತದೆ. ತೊಂದರೆ ಒತ್ತಕ್ಷರದ್ದು. ‘ದ್ಧ’ದ ಒತ್ತು, ‘ಸ್ಯಾ’ದ ಒತ್ತು ಕೆಳಗೆ ಇಳಿಯುತ್ತವೆ, ಕಮಾನಿನಲ್ಲಿ ಕೆಳಗೆ ಹೋದಷ್ಟೂ ಜಾಗ ಕಿರಿದು. ಬಟರ್ ಪೇಪರಿನ ಮೇಲೆ ಮೂರು ಸಲ ಬರೆದು ಅಳಿಸಿ, ಸೂಜಿಯಿಂದ ತೂತು ಮಾಡಿ, ಸೀಮೆಸುಣ್ಣದ ಪುಡಿಯ ಗಂಟು ತಟ್ಟಿ ಗಾಜಿನ ಒಳಬದಿಗೆ ಗುರುತು ಇಳಿಸಿದೆ. ಮಧ್ಯಾಹ್ನ ಮೂರರಿಂದ ಐದರವರೆಗೆ, ಗಿರಾಕಿ ಕಮ್ಮಿ ಇರುವ ಹೊತ್ತಿನಲ್ಲಿ, ಏಣಿ ಮೇಲೆ ನಿಂತು ತಿರುಗಾಮುರುಗಾ ಬರೆಯುತ್ತಿದ್ದೆ. ಹೊರಗೆ ಪಡಸಾಲೆಯಲ್ಲಿ ಕುಂದಾಪುರದ ಕಡೆಯಿಂದ ಹೊಸದಾಗಿ ಬಂದ ಹುಡುಗನೊಬ್ಬ ಒರೆಸುವ ಬಟ್ಟೆ ಹೆಗಲ ಮೇಲೆ ಹಾಕಿಕೊಂಡು ಮೇಲೆ ನೋಡುತ್ತ ನಿಂತಿದ್ದ. ನಾನು ಒಂದು ಅಕ್ಷರ ಮುಗಿಸಿದ ಹಾಗೆ ಅವನು ಅದನ್ನು ಗಟ್ಟಿಯಾಗಿ ಓದುತ್ತಿದ್ದ.

‘ಸ’ ಆಯಿತು. ‘ಸ್ಯಾ’ ಆಯಿತು. ‘ಹಾ’ ಅರ್ಧಕ್ಕೆ ಬಂದಾಗ ಅವನು ಗಾಜಿನತ್ತ ಬೆರಳು ತೋರಿಸಿ ಕೂಗಿದ, ‘ಅಣ್ಣಾ, ಯ ಒತ್ತು ಒಂಚೂರು ಎಡಕ್ಕೆ ಹೋಯ್ತು ಕಾಣಿ.’

ಒಳಗಿನಿಂದ ನನಗೆ ಅದು ಬಲ. ಏಣಿ ಇಳಿದು ಹೊರಗೆ ಹೋಗಿ ಅವನ ಪಕ್ಕ ನಿಂತು ನೋಡಿದೆ. ಹೌದು, ಒಂದು ಎಳ್ಳಿನಷ್ಟು. ಬಣ್ಣ ಇನ್ನೂ ಹಸಿ ಇತ್ತು. ಬ್ಲೇಡಿನಿಂದ ಕೆರೆದು, ಒರೆಸಿ, ಮತ್ತೆ ಬರೆದೆ.